ಕುಕ್ಕರ್, ಆಟೋ ಮತ್ತು ಕಳೆದುಹೋದ ಒಂದು ಕಾರ್ಡ್

ಇಟ್ಟಂಗಿಹಾಳದಿಂದ ವಿಜಯಪುರಕ್ಕ ನಾ ಬರೋದು ಟಂಟಂದಾಗ. ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಿರ್ತೀವಿ, ಕಾಲಾಗ ಯಾರದೋ ಚೀಲ ಇರ್ತದ. ಒಳಗ ಏನದ ಅಂತ ಯಾರೂ ಕೇಳಂಗಿಲ್ಲ. ಆ ನಂಬಿಕಿ ಮ್ಯಾಲೇ ಗಾಡಿ ಓಡ್ತದ. ಇವತ್ತಿನ ಕಥಿ ಆ ನಂಬಿಕಿಗೆ ಬಿದ್ದ ಏಟಿಂದು.

2022ರ ನವೆಂಬರ್ 19, ಶನಿವಾರ. ಮೈಸೂರಿನಿಂದ ಬಸ್ಸಿನಲ್ಲಿ ಬಂದ ಯುವಕನೊಬ್ಬ ಮಂಗಳೂರಿನ ಪಡೀಲಿನಲ್ಲಿ ಇಳಿದು ಆಟೋ ಹತ್ತಿದ. ಕೈಯಲ್ಲಿ ಒಂದು ಬ್ಯಾಗ್. ಸಂಜೆ, ಕಂಕನಾಡಿ ಹತ್ತಿರದ ನಾಗೋರಿಯಲ್ಲಿ ಆಟೋದೊಳಗೆ ಸ್ಫೋಟ. ಗಾಡಿಗೆ ಬೆಂಕಿ ಬಿತ್ತು ಅಂತಲೇ ಜನ ಮೊದಲು ತಿಳಿದರು. ಒಳಗೆ ಸಿಕ್ಕಿದ್ದು ಸುಟ್ಟ ಪ್ರೆಶರ್ ಕುಕ್ಕರ್, ಬ್ಯಾಟರಿಗಳು. ಇದು ಆಕಸ್ಮಿಕವಲ್ಲ, ಭಯೋತ್ಪಾದಕ ಕೃತ್ಯ ಎಂದು ಮರುದಿನ ಆಗಿನ ಡಿಜಿಪಿ ಪ್ರವೀಣ್ ಸೂದ್ ತಿಳಿಸಿದರು. ಬಾಂಬ್ ಗುರಿ ಮುಟ್ಟುವ ಮೊದಲೇ ದಾರಿಯಲ್ಲಿ ಸಿಡಿದಿತ್ತು.

ಮುಟ್ಟಿದ್ದರೆ? 2008ರ ಜುಲೈ 25 ನೆನಪಿಸಿಕೊಳ್ರಿ. ಬೆಂಗಳೂರಿನ ಸರಣಿ ಸ್ಫೋಟದಲ್ಲಿ ಮಡಿವಾಳದ ಬಸ್ ಸ್ಟಾಪಿನಲ್ಲಿದ್ದ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಮಂಗಳೂರಿನಲ್ಲಿ ಯಾರೂ ಸಾಯಲಿಲ್ಲ. ಅದಕ್ಕೇ ನಾವು "ವಿಫಲ ಯತ್ನ" ಅಂತ ಬರೆದು ಮುಂದಕ್ಕ ಹೋಗ್ತೀವಿ. ಆದ್ರ ಆ ಆಟೋ ಚಾಲಕರನ್ನ ಕೇಳ್ರಿ. ದಿನದ ಒಂದು ಬಾಡಿಗೆ ಅಂತ ಹತ್ತಿಸಿಕೊಂಡರು; ಮೈ ಸುಟ್ಟುಕೊಂಡು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ದುಡಿಮೆಯ ಗಾಡಿಯೂ ಹೋಯಿತು.

ಏಟು ತಿಂದ ಇನ್ನೊಬ್ಬ ನಮ್ಮ ಕಡೆಯವನೇ. ಪ್ರಯಾಣಿಕನ ಬಳಿ ಸಿಕ್ಕ ಆಧಾರ್ ಕಾರ್ಡ್ ಹುಬ್ಬಳ್ಳಿಯ ಯುವಕನದು. ಪೊಲೀಸರು ಅವನನ್ನು ವಿಚಾರಿಸಿದರು. ಅವನೋ, ಬೇರೆ ಊರಲ್ಲಿ ತನ್ನ ಪಾಡಿಗೆ ನೌಕರಿ ಮಾಡ್ಕೊಂಡಿದ್ದ. ಕಾರ್ಡ್ ಎಂದೋ ಕಳೆದಿತ್ತು. ಅದೇ ಹೆಸರು ಹೇಳಿಕೊಂಡು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದದ್ದೂ ಆಯ್ತು. ಅಲ್ಲಿ ಬಾಂಬ್ ತಯಾರಿಸುವ ಸಾಮಗ್ರಿ ಸಿಕ್ಕಿತು. ಪ್ರಯಾಣಿಕ ತೀರ್ಥಹಳ್ಳಿಯ ಮೊಹಮ್ಮದ್ ಶಾರಿಕ್ ಎಂದು ಪೊಲೀಸರು ಗುರುತಿಸಿದರು. ಪ್ರಕರಣ ಎನ್‌ಐಎಗೆ ಹೋಗಿ, 2023ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು.

ಲಾಡ್ಜಿಗೆ, ಸಿಮ್‌ಗೆ, ಝೆರಾಕ್ಸ್ ಅಂಗಡಿಗೆ ನಾವು ಆಧಾರ್ ಕೊಟ್ಟು ಮರೆತುಬಿಡ್ತೀವಿ. ಇದನ್ನ ಓದಿದ ಮ್ಯಾಲೆ ನಾ ಒಂದು ಕೆಲಸ ಮಾಡಿದೆ: ಮೊಬೈಲಿನಲ್ಲೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ಕಾರ್ಡ್ ಕಳೆದ್ರ ಪೊಲೀಸರಿಗೆ ಒಂದು ದೂರು ಕೊಡ್ರಿ. ಆಧಾರ್ ಸಹಾಯವಾಣಿ 1947.

ಮೊನ್ನೆ ಟಂಟಂದಾಗ ಒಂದು ಚೀಲ ಉಳಿದಿತ್ತು. ಡ್ರೈವರ್ ಕಾಕಾ ಗಾಡಿ ನಿಲ್ಲಿಸಿ, "ಈ ಚೀಲ ಯಾರದ್ರೀ?" ಅಂದ್ರು. ಹಿಂದಿನಿಂದ ಒಬ್ಬ ಆಯಿ, "ನಂದs ಯಪ್ಪಾ, ಜ್ವಾಳದ ಹಿಟ್ಟು" ಅಂದ್ಳು. ಎಲ್ಲರೂ ನಕ್ಕರು. ಯಾರಿಗೂ ಸಿಟ್ಟು ಬರಲಿಲ್ಲ. ಕೇಳೋದು ಅಂದ್ರ ಅಷ್ಟೇ ರೀ. ಬೇವಾರಸಿ ಚೀಲ ಕಂಡ್ರ ಮುಟ್ಟಬ್ಯಾಡ್ರಿ, ದೂರ ಸರಿದು 112ಕ್ಕ ಫೋನ್ ಹಚ್ರಿ. ಮುಂದಿನ ಕಂತಿನಾಗ ಸಿಗೋಣು.