ಸುರಪುರದಿಂದ ದೆಹಲಿಗೆ: ಒಂದು ಅರ್ಜಿಯ ದಾರಿ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಜನ ಸರ್ಕಾರದೊಂದಿಗೆ ಮಾತಾಡಲು ಬಳಸುವ ಶಬ್ದಗಳನ್ನು ಒಂದು ಕಡೆ ಪಟ್ಟಿ ಮಾಡಿ ನೋಡಿದರೆ ಒಂದು ಚರಿತ್ರೆಯೇ ಕಾಣುತ್ತದೆ. ಅರ್ಜಿ, ಫಿರ್ಯಾದು, ತಕರಾರು, ಹುಕುಂ, ಜಾಮೀನು, ತಹಶೀಲ್ದಾರ. ಎಲ್ಲವೂ ಅರಬ್ಬಿ, ಪರ್ಷಿಯನ್ ಮೂಲದಿಂದ ಬಂದು ನಮ್ಮ ಮನೆಮಾತಾದವು. ‘ಹಕ್ಕು’ ಕೂಡ ಹಾಗೆಯೇ ಬಂದದ್ದು. ಅರಬ್ಬಿಯ ‘ಹಕ್’ ಎಂದರೆ ಸತ್ಯ, ನ್ಯಾಯವಾಗಿ ಸಲ್ಲಬೇಕಾದದ್ದು. ಅದರ ಪಕ್ಕಕ್ಕೆ ಸಂಸ್ಕೃತದ ‘ಮಾನವ’ ಮತ್ತು ‘ಆಯೋಗ’ ಬಂದು ಕೂತದ್ದು ತೀರ ಈಚೆಗೆ. ಹಳೆಯ ‘ಅರ್ಜಿ’ಗೂ ಹೊಸ ‘ಆಯೋಗ’ಕ್ಕೂ ನಡುವೆ ಇರುವ ದಾರಿಯನ್ನು ಯಾರು ನಡೆದರು, ಯಾರು ನಡೆಸಿದರು ಎಂಬುದೇ ಈ ಬರಹದ ವಿಷಯ.

ಈ ಸೀಮೆಯ ಜನರ ದೂರು ತಟ್ಟಬೇಕಾದ ಬಾಗಿಲು ಮತ್ತೆ ಮತ್ತೆ ಬದಲಾಗಿದೆ. ಸುರಪುರ ಬೇಡ ನಾಯಕರ ಸಂಸ್ಥಾನವಾಗಿದ್ದಾಗ ಬಾಗಿಲು ಅರಮನೆಯದ್ದು. ದೊರೆಮಗ ಇನ್ನೂ ಬಾಲಕನಾಗಿದ್ದ ಕಾಲದಲ್ಲಿ, 1841ರಿಂದ 1853ರವರೆಗೆ, ಫಿಲಿಪ್ ಮೆಡೋಸ್ ಟೇಲರ್ ಇಲ್ಲಿ ಆಡಳಿತ ನೋಡಿಕೊಂಡ. ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯ ಸೋತ ಮೇಲೆ ಸಂಸ್ಥಾನ ಮುಗಿಯಿತು. 1860ರ ಒಪ್ಪಂದದಂತೆ ಈ ನೆಲ ನಿಜಾಮರ ಪಾಲಾಯಿತು. ಬಾಗಿಲು ಹೈದರಾಬಾದಿಗೆ ಸರಿಯಿತು. 1884ರಲ್ಲಿ ಪರ್ಷಿಯನ್ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಕನ್ನಡದಲ್ಲಿ ಅಳುವವನ ಸಂಕಟ ಉರ್ದುವಿನಲ್ಲಿ ಕಾಗದಕ್ಕೆ ಇಳಿಯಬೇಕು. ನಡುವೆ ಒಬ್ಬ ಮುನ್ಷಿ ಬೇಕು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಬಾಗಿಲು ಬೆಂಗಳೂರಿಗೆ ಹೋಯಿತು. ಯಾದಗಿರಿ ಸ್ವತಂತ್ರ ಜಿಲ್ಲೆಯಾದದ್ದು 2009ರ ಕೊನೆಗೆ. ಕನ್ನಡ ಆಡಳಿತ ಭಾಷೆಯಾದ ಮೇಲೂ ಅರ್ಜಿ ಬರೆದುಕೊಡುವವರ ಕೆಲಸ ಮುಗಿಯಲಿಲ್ಲ. ತಹಶೀಲ್ ಕಚೇರಿಯ ಮುಂದೆ ಅವರು ಕೂತಿರುವುದನ್ನು ನೋಡುತ್ತಲೇ ನಾನು ಬೆಳೆದೆ. ‘ಅರ್ಜಿ ಕೊಟ್ಟೀವ್ರಿ, ಮುಂದೇನಾಯ್ತೋ ಗೊತ್ತಿಲ್ರಿ’ ಎಂಬ ಮಾತನ್ನು ಕೇಳುತ್ತಲೂ ಬೆಳೆದೆ.

‘ಮುಂದೇನಾಯಿತು’ ಎಂಬ ಪ್ರಶ್ನೆಗೆ ಈ ಭಾಗದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ರಜಾಕಾರರ ಹಾವಳಿಯಲ್ಲಿ ನಲುಗಿದ್ದ ಹೈದರಾಬಾದು ಸೀಮೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮತ್ತೊಂದು ಹಿಂಸೆಯನ್ನು ಕಂಡಿತು. ಈ ಸಲ ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅದನ್ನು ತಿಳಿದುಬರಲು ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ನೇತೃತ್ವದ ತಂಡವನ್ನು ಕಳಿಸಿತು. ತಂಡ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ಊರೂರು ಸುತ್ತಿತು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರೊಳಗೇ ಇದ್ದವು. ಸರ್ಕಾರ ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

ಕೇಳಲು ಬಂದವರು ಪ್ರಾಮಾಣಿಕರೇ, ಹೇಳಿದವರೂ ಜೀವ ಹಿಡಿದುಕೊಂಡು ಹೇಳಿದರು. ಆದರೆ ಹೇಳಿದವರ ಪರವಾಗಿ ಆ ಕಾಗದದ ಬೆನ್ನು ಹತ್ತುವ ಒಂದು ಸಂಘಟನೆಯೂ ಹಳ್ಳಿಗೂ ದೆಹಲಿಗೂ ನಡುವೆ ನಿಲ್ಲಲಿಲ್ಲ. ಕೇಳಿಸಿಕೊಂಡವರ ಕೈಯಿಂದ ವರದಿ ಕಳಿಸಿದವರ ಕೈಗೆ ಹೋಯಿತು, ಅಲ್ಲೇ ಉಳಿಯಿತು. ಜನ ಹಿಡಿದುಕೊಳ್ಳದ ವಿಚಾರಣೆ ಕಡತವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಈ ಪ್ರಸಂಗದಿಂದ.

ಸರ್ಕಾರದಿಂದ ದೂರ ನಿಂತು ಸರ್ಕಾರವನ್ನೇ ಪ್ರಶ್ನಿಸುವ ಶಾಶ್ವತ ಸಂಸ್ಥೆ ಬೇಕೆಂಬ ಮಾತು ಜಗತ್ತಿನಲ್ಲಿ ಬಲಿತದ್ದು 1991ರ ಪ್ಯಾರಿಸ್ ಸಮಾವೇಶದಲ್ಲಿ. ಅಲ್ಲಿ ರೂಪುಗೊಂಡ ‘ಪ್ಯಾರಿಸ್ ತತ್ವ’ಗಳನ್ನು ವಿಶ್ವಸಂಸ್ಥೆ 1993ರಲ್ಲಿ ಒಪ್ಪಿತು. ಅದೇ ವರ್ಷ ಭಾರತದಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂತು, ಅಕ್ಟೋಬರ್ 12ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾಯಿತು. ಕಾಯ್ದೆಯ 12ನೇ ಕಲಂ ಆಯೋಗದ ಕೆಲಸಗಳನ್ನು ಹೇಳುತ್ತದೆ. ದೂರು ಬಂದಾಗ ಅಥವಾ ತಾನಾಗಿಯೇ ವಿಚಾರಣೆ ನಡೆಸುವುದು, ಜೈಲುಗಳಿಗೆ ಭೇಟಿ ಕೊಡುವುದು ಮುಂತಾದವುಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳ ಪ್ರಯತ್ನಗಳನ್ನು ಪ್ರೋತ್ಸಾಹಿಸುವುದೂ ಅಲ್ಲಿದೆ. ನಾಗರಿಕ ಸಮಾಜದೊಂದಿಗಿನ ನಂಟು, ಹಾಗಾಗಿ, ಆಯೋಗ ತೋರಿಸುವ ಔದಾರ್ಯವಲ್ಲ. ಅದು ಕಾನೂನು ಹೊರಿಸಿದ ಕೆಲಸ. ಸಾಕ್ಷಿಗಳನ್ನು ಕರೆಸುವಲ್ಲಿ, ದಾಖಲೆ ತರಿಸುವಲ್ಲಿ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಕೊನೆಗೆ ಅದು ಕೊಡುವುದು ಮಾತ್ರ ಶಿಫಾರಸು, ತೀರ್ಪಲ್ಲ.

ಇದು ಕರ್ನಾಟಕದಲ್ಲಿ ಹೇಗೆ ನಡೆಯಿತೆಂದು ನೋಡಲು ನಮ್ಮ ಕೃಷ್ಣಾ, ಭೀಮಾ ತೀರವನ್ನು ಬಿಟ್ಟು ರಾಜ್ಯದ ದಕ್ಷಿಣದ ತುದಿಗೆ, ಮಲೆಮಹದೇಶ್ವರ ಬೆಟ್ಟಕ್ಕೆ ಹೋಗಬೇಕು. 1990ರ ದಶಕದಲ್ಲಿ ವೀರಪ್ಪನ್ ಬೇಟೆಗೆ ಕರ್ನಾಟಕ, ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಆ ಕಾಡಿನಲ್ಲಿ ಬೀಡುಬಿಟ್ಟಿದ್ದವು. ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿಗಳು, ಪೊಲೀಸರು, ಹಳ್ಳಿಗರು ಸತ್ತಿದ್ದರು. ಕಾರ್ಯಪಡೆ ಸುಮ್ಮನೆ ಅಲ್ಲಿಗೆ ಹೋದದ್ದಲ್ಲ. ಆದರೆ ಅವನಿಗೆ ಅಕ್ಕಿ ಕೊಟ್ಟಿರಿ, ಸುಳಿವು ಮುಚ್ಚಿಟ್ಟಿರಿ ಎಂಬ ಸಂಶಯದ ಮೇಲೆ ಸೋಲಿಗರು ಮತ್ತು ಕಾಡಂಚಿನ ಬಡ ರೈತರು ಶಿಬಿರಗಳಿಗೆ ಎಳೆದೊಯ್ಯಲ್ಪಟ್ಟರು. ಬೆಟ್ಟದ ಶಿಬಿರದ ಚಿತ್ರಹಿಂಸೆಯ ಕೋಣೆಗೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತೆಂದು ಅಲ್ಲಿಂದ ಬದುಕಿ ಬಂದವರು ಹೇಳಿದರು. ನೂರಕ್ಕೂ ಹೆಚ್ಚು ಮಂದಿ ಟಾಡಾ ಕಾಯ್ದೆಯಡಿ ಮೈಸೂರು ಜೈಲು ಸೇರಿದರು. 2001ರಲ್ಲಿ ಟಾಡಾ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಬಿಡುಗಡೆ ಮಾಡುವ ಹೊತ್ತಿಗೆ ಹಲವರು ವರ್ಷಗಟ್ಟಲೆ ಒಳಗೇ ಕಳೆದಿದ್ದರು.

ಈ ಕಾಡಿನ ಮಾತು ದೆಹಲಿ ತಲುಪಿದ್ದು ತಾನಾಗಿಯೇ ಅಲ್ಲ. ಎರಡೂ ರಾಜ್ಯಗಳ ಮಾನವ ಹಕ್ಕು ಸಂಘಟನೆಗಳು ಹಾಡಿಗಳಿಗೆ ಹೋದವು, ಹೆಂಗಸರು ಬಾಯಿ ಬಿಡುವವರೆಗೆ ಕಾದವು, ಹೆಸರು ದಿನಾಂಕ ಬರೆದುಕೊಂಡವು. ಭವಾನಿಯ ವಕೀಲ ಸ. ಬಾಲಮುರುಗನ್ ಅಂಥವರಲ್ಲಿ ಒಬ್ಬರು, ಪಿಯುಸಿಎಲ್ ಸಂಘಟನೆಯವರು. ಸೋಲಿಗರ ಮೇಲಿನ ದೌರ್ಜನ್ಯವನ್ನು ಕುರಿತ ಅವರ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’ 2004ರಲ್ಲಿ ಬಂತು. ಹೇಳಿಕೆ ಬರೆದುಕೊಂಡ ಕೈಯೇ ಕಾದಂಬರಿಯನ್ನೂ ಬರೆಯಿತು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ದೂರುಗಳ ಒತ್ತಡದಿಂದ ಆಯೋಗ 1999ರಲ್ಲಿ ಒಂದು ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅದರ ಮುಖ್ಯಸ್ಥರು, ಸಿಬಿಐನ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಸದಸ್ಯರು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ಸಮಿತಿ ದೆಹಲಿಯಲ್ಲಿ ಕೂರಲಿಲ್ಲ. ನೊಂದವರಿದ್ದ ಕಡೆಗೆ ಬಂತು. 2000ದಲ್ಲಿ ವಿಚಾರಣೆ ಆರಂಭವಾದ ಸ್ವಲ್ಪದರಲ್ಲೇ ಹೈಕೋರ್ಟಿನ ತಡೆಯಾಜ್ಞೆ ಬಂದು ನಿಂತಿತು. ಅದೇ ವರ್ಷ ಜುಲೈ 30ರಂದು ಡಾ. ರಾಜಕುಮಾರ್ ಅಪಹರಣವಾಯಿತು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರವೂ, ಟಾಡಾ ಕೈದಿಗಳ ಬಿಡುಗಡೆಯೂ ಇದ್ದವು. 108 ದಿನ ನಾಡೆಲ್ಲ ಅಣ್ಣಾವ್ರಿಗಾಗಿ ಕಾಯುತ್ತಿದ್ದಾಗ ಆ ಹಳ್ಳಿಗರ ನ್ಯಾಯವಾದ ಬೇಡಿಕೆ ಒಬ್ಬ ಕೊಲೆಗಾರನ ಬಾಯಿಂದ ಹೊರಟಂತಾಯಿತು. ನೊಂದವರ ಮಾತನ್ನು ಸಕಾಲದಲ್ಲಿ ಸರಿಯಾದ ಬಾಯಿ ಆಡದಿದ್ದರೆ ಅದನ್ನು ತಪ್ಪು ಬಾಯಿ ಎತ್ತಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ನನಗೆ ಗೊತ್ತಿಲ್ಲ.

ಸಂಘಟನೆಗಳು ಬಿಡಲಿಲ್ಲ. ವಿಚಾರಣೆ ಮತ್ತೆ ಶುರುವಾಯಿತು. ಸಾಕ್ಷಿಗಳನ್ನು ಕರೆತರುವುದು, ಹೆದರಿದವರ ಜೊತೆ ನಿಲ್ಲುವುದು ನಡೆಯಿತು. 2003ರ ಕೊನೆಗೆ ಸಮಿತಿ ವರದಿ ಕೊಟ್ಟಿತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಆಗ ಆಯೋಗದ ಹಂಗಾಮಿ ಅಧ್ಯಕ್ಷರಾಗಿದ್ದವರು ನ್ಯಾಯಮೂರ್ತಿ ಶಿವರಾಜ ಪಾಟೀಲರು, ಸುರಪುರದಿಂದ ಕೃಷ್ಣೆ ದಾಟಿದರೆ ಸಿಗುವ ರಾಯಚೂರು ಜಿಲ್ಲೆಯವರು. ಪರಿಹಾರ ಸಣ್ಣದು, ಬಹಳ ತಡವಾದದ್ದು. ಆದರೂ 1948ರ ವರದಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ ಕಾಡಿನಿಂದ ದೆಹಲಿಯವರೆಗೆ ಕಾಗದವನ್ನು ಹಿಡಿದ ಕೈಗಳಿದ್ದವು, ಅವು ನಡುವೆ ಬಿಡಲಿಲ್ಲ.

ಈಗ ನಮ್ಮ ಜಿಲ್ಲೆಗೆ ಮರಳೋಣ. ಇಲ್ಲಿನ ಗಾಯ ಬೇರೆ ಬಗೆಯದು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ನಂತರ ಸರ್ಕಾರ ಎರಡು ಸಮೀಕ್ಷೆ ನಡೆಸಿತು. 1993-94ರಲ್ಲಿ 22,873, 2007-08ರಲ್ಲಿ 23,787, ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಆ ಜಿಲ್ಲೆಗಳಲ್ಲಿ ನಮ್ಮದೂ ಸೇರಿದೆ. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲದ ನೆರವು; ಹೆಸರಿಲ್ಲದವಳಿಗೆ ಏನೂ ಇಲ್ಲ. 2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಯೋಗ ಪತ್ರಿಕಾ ವರದಿಯೊಂದರ ಮೇಲೆ ತಾನಾಗಿಯೇ ಪ್ರಕರಣ ದಾಖಲಿಸಿ ಕೇಂದ್ರಕ್ಕೂ ಕರ್ನಾಟಕ ಸೇರಿ ಆರು ರಾಜ್ಯಗಳಿಗೂ ನೋಟಿಸು ಕೊಟ್ಟಿತು. ಅದರಲ್ಲಿ ಕರ್ನಾಟಕವೊಂದರಲ್ಲೇ 70,000ಕ್ಕೂ ಹೆಚ್ಚು ದೇವದಾಸಿಯರಿದ್ದಾರೆಂಬ ಅಂಕಿಯ ಉಲ್ಲೇಖವಿತ್ತು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಬರಿಯ ಲೆಕ್ಕದ ತಕರಾರಲ್ಲ. ಅಲ್ಲಿ ಸಮೀಕ್ಷೆಯವರು ಬಂದ ದಿನ ಗುಳೆ ಹೋಗಿದ್ದವರು ಇರಬಹುದು, ಮಗಳ ಮದುವೆಗೆ ಅಡ್ಡಿಯಾದೀತೆಂದು ಹೆಸರು ಹೇಳದವರು ಇರಬಹುದು.

ಇಲ್ಲಿ ಕಾನೂನಿನ ಒಂದು ತೊಡಕು ಎದುರಾಗುತ್ತದೆ. ಘಟನೆ ನಡೆದು ಒಂದು ವರ್ಷ ಕಳೆದಿದ್ದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ ಎನ್ನುತ್ತದೆ ಕಾಯ್ದೆಯ 36ನೇ ಕಲಂ. ಹತ್ತು ವರ್ಷದ ಹುಡುಗಿಗೆ ಮುತ್ತು ಕಟ್ಟಿದ್ದರೆ ಹನ್ನೊಂದು ತುಂಬುವುದರೊಳಗೆ ಅವಳು ದೆಹಲಿಗೆ ಬರೆಯಬೇಕೇ? ಆದರೆ ಅವಳಿಗೆ ಆಗಿರುವ ಅನ್ಯಾಯ ಆ ಒಂದು ದಿನದ್ದಲ್ಲ. ಪಟ್ಟಿಗೆ ಹೆಸರು ಸೇರಿಸಲು ಕೊಟ್ಟ ಅರ್ಜಿ ಹೋದ ತಿಂಗಳು ತಿರಸ್ಕೃತವಾಗಿದ್ದರೆ ಅದು ಹೋದ ತಿಂಗಳ ಘಟನೆ. ಮಾಸಾಶನ ಈ ತಿಂಗಳು ನಿಂತಿದ್ದರೆ ಅದು ಈ ತಿಂಗಳದ್ದು. ಮೂವತ್ತು ವರ್ಷದ ದುಃಖವನ್ನು ಕಾನೂನಿನ ಕಣ್ಣಿಗೆ ಕಾಣುವ ದಿನಾಂಕಕ್ಕೆ ಇಳಿಸಿ ಬರೆಯಬಲ್ಲವರು ಬೇಕು. ಹಿಂದೆ ಮುನ್ಷಿ ಮಾಡುತ್ತಿದ್ದ ಕೆಲಸವೇ ಇದು. ಮುನ್ಷಿ ಕೂಲಿ ಪಡೆದು ಎದ್ದು ಹೋಗುತ್ತಿದ್ದ, ಇವರು ಕೊನೆಯವರೆಗೆ ಜೊತೆಗಿರಬೇಕು.

ಕೊನೆಯವರೆಗೆ ಎಂದು ಒತ್ತಿ ಹೇಳಲು ಕಾರಣವಿದೆ. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ, ಅಂದರೆ ಕನ್ನಡದಲ್ಲೂ, ಬರೆಯಬಹುದು. ಆದರೆ ಬರೆದ ಮೇಲೆ ನಡೆಯುವುದನ್ನು ಗಮನಿಸಿ. ಆಯೋಗ ಸಾಮಾನ್ಯವಾಗಿ ಸಂಬಂಧಪಟ್ಟ ಅಧಿಕಾರಿಯಿಂದಲೇ ವರದಿ ಕೇಳುತ್ತದೆ, ಪೊಲೀಸರ ಮೇಲಿನ ದೂರಾದರೆ ಆ ಜಿಲ್ಲೆಯ ಎಸ್‌ಪಿಯಿಂದ. ಬಂದ ವರದಿಯನ್ನು ದೂರುದಾರರಿಗೆ ಕಳಿಸಿ ‘ನಿಮ್ಮ ಅಭಿಪ್ರಾಯವೇನು’ ಎನ್ನುತ್ತದೆ. ಉತ್ತರ ಬಾರದಿದ್ದರೆ ಕಡತ ಮುಚ್ಚುವುದು ಸಾಮಾನ್ಯ. ಶಹಾಪುರದ ಹಳ್ಳಿಯ ವಿಳಾಸಕ್ಕೆ ಆ ಪತ್ರ ಬರುವ ಹೊತ್ತಿಗೆ ದೂರುದಾರ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿ ತಗಡಿನ ಶೆಡ್ಡಿನಲ್ಲಿರುತ್ತಾನೆ. ಅವನ ಪರವಾಗಿ ಆ ಪತ್ರ ಒಡೆದು ಓದಿ, ಫೋನು ಮಾಡಿ ಕೇಳಿ, ಗಡುವಿನೊಳಗೆ ಉತ್ತರ ಬರೆಯುವ ಒಬ್ಬರಿದ್ದರೆ ಪ್ರಕರಣ ಬದುಕುತ್ತದೆ. ನಾಗರಿಕ ಸಮಾಜ ಎಂಬ ದೊಡ್ಡ ಮಾತಿಗೆ ನಮ್ಮ ಕಡೆ ಇರುವ ಅರ್ಥ ಇಷ್ಟು ಸಣ್ಣದು, ಇಷ್ಟು ಖಚಿತವಾದದ್ದು.

ಆಯೋಗದ ಪಾಲಿನ ಕೊರತೆಗಳೂ ಕಡಿಮೆಯಿಲ್ಲ. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಕರ್ನಾಟಕದ ರಾಜ್ಯ ಆಯೋಗ ನ್ಯಾಯಮೂರ್ತಿ ಎಸ್. ಆರ್. ನಾಯಕ್ ಅಧ್ಯಕ್ಷತೆಯಲ್ಲಿ ಕೆಲಸ ಶುರುಮಾಡಿದ್ದು 2007ರಲ್ಲಿ, ಅದೂ ಬೆಂಗಳೂರಿನಲ್ಲಿ. ರಾಷ್ಟ್ರೀಯ ಆಯೋಗಕ್ಕೆ ಮಾನ್ಯತೆ ಕೊಡುವ ಜಾಗತಿಕ ಒಕ್ಕೂಟ 2023 ಮತ್ತು 2024ರಲ್ಲಿ ‘ಎ’ ದರ್ಜೆಯ ನವೀಕರಣವನ್ನು ಮುಂದೂಡಿತು. ತನಿಖೆಗೆ ಪೊಲೀಸ್ ಅಧಿಕಾರಿಗಳನ್ನೇ ನೆಚ್ಚಿಕೊಂಡಿರುವುದು, ನಾಗರಿಕ ಸಮಾಜದೊಂದಿಗಿನ ಸಹಕಾರ ಸಾಲದಿರುವುದು ಅದು ಎತ್ತಿದ ಆಕ್ಷೇಪಗಳಲ್ಲಿದ್ದವು. ಹಳ್ಳಿಯ ಕಡೆಯಿಂದ ಎಷ್ಟೇ ಜನ ನಡೆದು ಬಂದರೂ ಆ ತುದಿಯಲ್ಲಿ ಬಾಗಿಲು ತೆರೆಯುವವರು ಇರಲೇಬೇಕು. ಸದಾಶಿವ ಸಮಿತಿಯ ಕೆಲಸ ಒಂದು ಹಂತ ಮುಟ್ಟಿದ್ದು ಎರಡೂ ಕಡೆಯವರು ಹೆಜ್ಜೆ ಹಾಕಿದ್ದರಿಂದ.

ಸಾಹಿತ್ಯದ ಓದುಗರು ಇದರಲ್ಲಿ ಏನು ಮಾಡಬಹುದು ಎಂದು ಕೇಳಿದರೆ ನನ್ನ ಉತ್ತರ ಸರಳ. ಕೇಳಿಸಿಕೊಳ್ಳುವುದು, ಹೇಳಿದವರ ಮಾತು ಕೆಡದಂತೆ ಬರೆಯುವುದು ನಮಗೆ ಗೊತ್ತಿರುವ ವಿದ್ಯೆ. ಯಾದಗಿರಿಯ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ತನ್ನ ಓಣಿಯ ಅಜ್ಜಿಯ ಮಾಸಾಶನ ಯಾವ ತಿಂಗಳಿಂದ ನಿಂತಿದೆ, ಯಾವ ಕಚೇರಿಯಲ್ಲಿ ಏನೆಂದರು ಎಂದು ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದು, ಅದರ ಪ್ರತಿ ಇಟ್ಟುಕೊಂಡು, ಉತ್ತರ ಬಂದಾಗ ಅಜ್ಜಿಗೆ ಓದಿ ಹೇಳಿದರೆ ಸಾಕು. ‘ಮುಂದೇನಾಯ್ತೋ ಗೊತ್ತಿಲ್ರಿ’ ಎನ್ನುವ ಮಾತು ಆ ಒಂದು ಮನೆಯಲ್ಲಾದರೂ ನಿಲ್ಲುತ್ತದೆ.