ಗಣಕದ ಪೆಟ್ಟಿಗೆಯೊಳಗೆ ಗಾಳಿಯ ದಾರಿ

ಬಾಣಾವರ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ‘ಭೂಮಿ’ ಯೋಜನೆ 2001ರ ಸುಮಾರಿಗೆ ತಾಲ್ಲೂಕು ಕಚೇರಿಗಳ ಪಹಣಿಯನ್ನು ಗಣಕಕ್ಕೆ ಏರಿಸಿತು. 2006ರಲ್ಲಿ ಹೋಬಳಿ ಮಟ್ಟದ ‘ನೆಮ್ಮದಿ’ ಕೇಂದ್ರಗಳು ಬಂದವು. ಅಲ್ಲಿಂದಾಚೆಗೆ ಇಂಥ ಊರುಗಳ ರೈತನ ಸಾಲದ ಅರ್ಜಿ, ಮಕ್ಕಳ ಜಾತಿ ಪ್ರಮಾಣಪತ್ರ ಎಲ್ಲವೂ ಒಂದು ತಗಡಿನ ಪೆಟ್ಟಿಗೆಯ ಆರೋಗ್ಯಕ್ಕೆ ಅಂಟಿಕೊಂಡವು. ಬಯಲುಸೀಮೆಯ ಬೇಸಿಗೆಗೂ ದೂಳಿಗೂ ಆ ಪೆಟ್ಟಿಗೆ ತಕ್ಕದ್ದೇ ಎಂದು ತಿಳಿಯುವುದು ಹೇಗೆ? ಪಕ್ಕದ ಮುಚ್ಚಳ ತೆಗೆದು ಒಳಗೆ ನೋಡಬೇಕು.

1981ರ ಐಬಿಎಂ ಪಿಸಿ ಮೇಜಿನ ಮೇಲೆ ಮಲಗಿದ ಪೆಟ್ಟಿಗೆ. ಅದರ ವಿದ್ಯುತ್ ಪೂರೈಕೆ ಘಟಕದ ಸಾಮರ್ಥ್ಯ ಕೇವಲ 63.5 ವ್ಯಾಟ್. ಸಂಸ್ಕಾರಕಕ್ಕೆ ಶಾಖಹಾರಿಯೇ ಇರಲಿಲ್ಲ. 1984ರ ‘ಎಟಿ’ ಮಾದರಿಯನ್ನು ಇತರ ತಯಾರಕರೆಲ್ಲ ಅನುಕರಿಸಿದರು. ಕ್ರಮೇಣ ಪೆಟ್ಟಿಗೆ ಎದ್ದು ನಿಂತು ಗೋಪುರವಾಯಿತು. ಆದರೆ ಒಳಗಿನ ಜೋಡಣೆ ಹಳೆಯದೇ. ಸಂಸ್ಕಾರಕವು ವಿಸ್ತರಣಾ ಕಾರ್ಡುಗಳ ಸಾಲಿನಲ್ಲೇ ಕುಳಿತಿದ್ದರಿಂದ ಉದ್ದನೆಯ ಕಾರ್ಡು ಅದರ ಪಂಖಕ್ಕೆ ತಾಗುತ್ತಿತ್ತು. ವಿದ್ಯುತ್ ಜೋಡಕಗಳು ಎರಡು. ಅವುಗಳ ಕಪ್ಪು ತಂತಿಗಳು ಮಧ್ಯದಲ್ಲಿ ಒಟ್ಟಿಗೆ ಬರುವಂತೆ ಸಿಕ್ಕಿಸಬೇಕು. ಅದಲು ಬದಲಾದರೆ ಮಾತೃಫಲಕವೇ ಸುಟ್ಟುಹೋಗಬಹುದಿತ್ತು!

1995ರಲ್ಲಿ ಇಂಟೆಲ್ ಪ್ರಕಟಿಸಿದ ‘ಎಟಿಎಕ್ಸ್’ ಮಾನಕ ಇದಕ್ಕೆ ಪರಿಹಾರ ತಂದಿತು. ಚಿಕ್ಕ ಎಟಿ ಫಲಕವನ್ನು 90 ಡಿಗ್ರಿ ತಿರುಗಿಸಿದಂತಾಯಿತು. ಸಂಸ್ಕಾರಕ ಕಾರ್ಡುಗಳಿಂದ ದೂರ ಸರಿದು ವಿದ್ಯುತ್ ಘಟಕದ ಬಳಿಗೆ ಬಂತು. ಜೋಡಕ ಒಂದೇ ಆಯಿತು, ತಪ್ಪು ದಿಕ್ಕಿನಲ್ಲಿ ಕೂರದಂತಾಯಿತು. ಘಟಕದ ಪಂಖವೇ ಹೊರಗಾಳಿಯನ್ನು ಎಳೆದು ಸಂಸ್ಕಾರಕದ ಮೇಲೆ ಊದಲಿ ಎಂಬುದು ಮೊದಲ ಆಲೋಚನೆ. ಆದರೆ ಆ ಗಾಳಿ ಘಟಕದೊಳಗೇ ಕಾದು ಬರುತ್ತಿತ್ತು. ಬಿಸಿಗಾಳಿಯಿಂದ ತಂಪು ಮಾಡುವುದುಂಟೇ? ಮುಂದೆ ಪಂಖದ ದಿಕ್ಕು ತಿರುಗಿತು. ಮುಂಭಾಗದ ಕೆಳಗಿನಿಂದ ಒಳಗೆ, ಹಿಂಭಾಗದ ಮೇಲಿನಿಂದ ಹೊರಗೆ ಎಂಬ ಇಂದಿನ ದಾರಿ ರೂಢಿಗೆ ಬಂತು.

ಲೆಕ್ಕ ಸರಳ. ಒಂದು ಲೀಟರ್ ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಸುಮಾರು 1.2 ಜೂಲ್ ಬೇಕು. ಗಣಕ 120 ವ್ಯಾಟ್ ಶಾಖ ಬಿಡುತ್ತಿದ್ದು, ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದರೆ ಸೆಕೆಂಡಿಗೆ 10 ಲೀಟರ್ ಗಾಳಿ ಹರಿಯಬೇಕು. ಕೋಣೆಯೇ 36 ಡಿಗ್ರಿ ಇದ್ದರೆ ಹೊರಬರುವ ಗಾಳಿ 46. ಅರಸೀಕೆರೆ ಸೀಮೆ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಶೇಕಡಾ 7-8ರಷ್ಟು ತೆಳು. ಅಷ್ಟರಮಟ್ಟಿಗೆ ಇನ್ನೂ ಹೆಚ್ಚು ಹರಿವು ಬೇಕು. ಮುಂಭಾಗದ ಜಾಲರಿಗೆ ದೂಳಿನ ಕಂಬಳಿ ಹೊದಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗು.

2003ರಲ್ಲಿ ಇಂಟೆಲ್ ‘ಬಿಟಿಎಕ್ಸ್’ ಎಂಬ ಹೊಸ ಜೋಡಣೆ ತಂದಿತು. ಮುಂದಿನ ಗಾಳಿ ನೇರವಾಗಿ ಸಂಸ್ಕಾರಕಕ್ಕೆ. ಶಾಖದ ದೃಷ್ಟಿಯಿಂದ ಇದೇ ಜಾಣ ವಿನ್ಯಾಸ ಎಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ ಪೆಟ್ಟಿಗೆಗಳಿಗೆ ಅದು ಹೊಂದುತ್ತಿರಲಿಲ್ಲ. 2006ರಲ್ಲಿ ಕಡಿಮೆ ಕಾಯುವ ಸಂಸ್ಕಾರಕಗಳು ಬಂದವು. ಬಿಟಿಎಕ್ಸ್ ಮೂಲೆಗೆ ಸರಿಯಿತು. 2003ರಿಂದ ಬಂದ ಸಾಟಾದ ತೆಳು ತಂತಿ ಮಾತ್ರ ಸದ್ದಿಲ್ಲದೆ ಉಪಕಾರ ಮಾಡಿತು: ಗಾಳಿಗೆ ಅಡ್ಡ ನಿಲ್ಲುತ್ತಿದ್ದ ಅಗಲ ಪಟ್ಟಿಗಳು ಮಾಯವಾದವು.

ಅನಂತರ ವಿದ್ಯುತ್ ಘಟಕ ಪೆಟ್ಟಿಗೆಯ ತಳಕ್ಕಿಳಿಯಿತು. ಅದಕ್ಕೆ ತಣ್ಣನೆಯ ಗಾಳಿ ಸಿಕ್ಕುತ್ತದೆ, ನಿಜ. ಆದರೆ ಬಾಣಾವರದಂಥ ಊರಿನಲ್ಲಿ ನೆಲದ ದೂಳೂ ಸಿಕ್ಕುತ್ತದೆ! ಆದ್ದರಿಂದ ಕೊಳ್ಳುವಾಗ ತಳದಲ್ಲಿ ಕಳಚಿ ತೊಳೆಯಬಹುದಾದ ಜಾಲರಿ ಇದೆಯೇ ನೋಡಿ. ಪೆಟ್ಟಿಗೆಯನ್ನು ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲಿಡಿ.