ಫ್ರೀ ಸೀಟು, ಪೇಮೆಂಟ್ ಸೀಟು, ಸ್ಕಾಲರ್‌ಶಿಪ್ಪು...

ಕಾಫಿ ಕೊಯ್ಲಿನ ಹೊತ್ತಿಗೆ ಕಳಸಕ್ಕೆ ಹೋಗಿದ್ದೆ. ಪಕ್ಕದ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ಖಾಸಗಿ ಕಾಲೇಜಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಳೆ. "ಸ್ಕಾಲರ್‌ಶಿಪ್ ಬರುತ್ತೆ ಅಣ್ಣ, ಆದ್ರೆ ಫೀಸು ಮೊದಲೇ ಕಟ್ಬೇಕು. ದುಡ್ಡು ಬರೋದು ಯಾವಾಗಲೋ..." ಅಂದಳು. ನನ್ನದೇ ಕಥೆ ನೆನಪಾಯ್ತು.

ಖಾಸಗಿ ಕಾಲೇಜಲ್ಲಿ ಬಡವರ ಮಕ್ಕಳು ಓದೋದು ಹೇಗೆ ಅನ್ನೋ ಪ್ರಶ್ನೆ ನಮ್ಮ ರಾಜ್ಯಕ್ಕೆ ಹಳೆಯದು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂತು. 1989ರಲ್ಲಿ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000, ಉಳಿದ ಕನ್ನಡನಾಡಿನವರಿಗೆ ಹೆಚ್ಚೆಂದರೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಇದೂ ಕ್ಯಾಪಿಟೇಶನ್ನೇ ಅಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. 1994ರಿಂದ ಸಿಇಟಿ.

ಈ ಲೆಕ್ಕದಲ್ಲಿ ಫ್ರೀ ಸೀಟಿನ ಖರ್ಚನ್ನು ತುಂಬುತ್ತಿದ್ದದ್ದು ಸರ್ಕಾರವಲ್ಲ, ಪೇಮೆಂಟ್ ಸೀಟಿನವನು.

ಆ ಪೇಮೆಂಟ್ ಸೀಟಿನವನು ನಾನು! ನಮ್ಮ ಕಡೆ ಆಗ ಕೋಚಿಂಗ್ ಅನ್ನೋ ಮಾತೇ ಇರಲಿಲ್ಲ. ಅಪ್ಪ ಮುಂದಿನ ವರ್ಷದ ಕಾಫಿ ತೋರಿಸಿ ಸಾಲ ತಂದು ಫೀಸು ಕಟ್ಟಿದರು. ನನ್ನ ರೂಮ್‌ಮೇಟ್ ಬೆಂಗಳೂರಿನವನು, ಮನೇಲಿ ಕಾರಿತ್ತು, ಅವನದು ಫ್ರೀ ಸೀಟು. ಒಂದರ್ಥದಲ್ಲಿ ನಮ್ಮಪ್ಪ ಅವನನ್ನೂ ಓದಿಸಿದರು :)

ಇದು ನನ್ನೊಬ್ಬನ ಗೊಣಗಾಟ ಅಂದುಕೊಂಡಿದ್ದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಪೇಟೆಯ ಉಳ್ಳವರ ಮಕ್ಕಳು ಫ್ರೀ ಸೀಟು ಪಡೀತಾರೆ, ಹಳ್ಳಿಯವರು ದುಡ್ಡು ಕೊಡ್ತಾರೆ. ಘಟ್ಟ ಇಳಿದರೆ ಸಿಗುವ ಮಣಿಪಾಲದಿಂದ ಹೊರಟ ಆ ಪ್ರಕರಣದಲ್ಲಿ ಉನ್ನಿಕೃಷ್ಣನ್ ಸೂತ್ರ ಬಿದ್ದುಹೋಯ್ತು. ಬಡ ವಿದ್ಯಾರ್ಥಿಗೆ ಸ್ಕಾಲರ್‌ಶಿಪ್ ಕೊಡಿ ಅನ್ನೋದು ಮುಂದಿನ ದಾರಿಯಾಯ್ತು.

ಸ್ಕಾಲರ್‌ಶಿಪ್ ಹೊಸದೇನಲ್ಲ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ. ಕಾಫಿ ಮಂಡಳಿಯೂ ತೋಟದ ಕಾರ್ಮಿಕರ ಮಕ್ಕಳ ಓದಿಗೆ ನೆರವು ಕೊಟ್ಟಿದೆ. 2013ರಲ್ಲಿ ಬಂದ ವಿದ್ಯಾಸಿರಿಯಲ್ಲಿ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. 2021ರ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000. ಅದು ಮೊದಲು ರೈತರ ಮಕ್ಕಳಿಗೆ ಮಾತ್ರ ಇತ್ತು. ಭೂಮಿಯಿಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ ವಿಸ್ತರಿಸಿದ್ದು 2022ರಲ್ಲಿ. ಲೈನ್ ಮನೆಯವರ ಹೆಸರಲ್ಲಿ ಪಹಣಿ ಎಲ್ಲಿಂದ ಬರಬೇಕು ಹೇಳಿ?

ನನ್ನ ಕಾಲದ ಲೆಕ್ಕ ಅನ್ಯಾಯದ್ದೇ. ಆದರೂ ಫ್ರೀ ಸೀಟು ಸಿಕ್ಕ ಬಡ ಹುಡುಗ ಮೊದಲ ದಿನವೇ ನಿಶ್ಚಿಂತೆಯಿಂದ ಕ್ಲಾಸಿಗೆ ಹೋಗ್ತಿದ್ದ. ಈಗಿನ ಲೆಕ್ಕ ಹೆಚ್ಚು ನ್ಯಾಯದ್ದು, ಸರ್ಕಾರದ ದುಡ್ಡು ಬೇಕಾದವರಿಗೇ ಹೋಗುತ್ತೆ. ಆದರೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಆಧಾರ್‌ಗೆ ಬ್ಯಾಂಕ್ ಅಂತ ಅಲೆಯೋದು ಒಂದು ದಿನದ ಕೂಲಿ ಬಿಟ್ಟ ಅಪ್ಪ. ದುಡ್ಡು ಬರೋ ತನಕ ಫೀಸಿಗೆ ಸಾಲ. ನಮ್ಮಪ್ಪನಿಗೆ ತೋರಿಸೋಕೆ ಮುಂದಿನ ವರ್ಷದ ಕಾಫಿಯಾದ್ರೂ ಇತ್ತು. ಅವಳಪ್ಪನಿಗೆ?

ಸ್ಕಾಲರ್‌ಶಿಪ್ ದುಡ್ಡು ಫೀಸಿನ ರಸೀದಿಗಿಂತ ಮೊದಲು ಬರೋ ಹಾಗಾದ್ರೆ ಅರ್ಧ ಸಮಸ್ಯೆ ಮುಗೀತು ಅಂತ ನನಗನ್ನಿಸುತ್ತೆ. ನಿಮ್ಮೂರ ಕಡೆ ಹೇಗೆ? ಬರೆದು ತಿಳಿಸಿ.